ಮಗಳ ಫಾರ್ಮು, ನಾನು ನೋಡದ ಆಟಗಳು

ಫಾರ್ಮ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವನು ಫಾರ್ಮ್‌ನಲ್ಲಿದ್ದಾನೆ, ಇವಳ ಫಾರ್ಮ್ ಹೋಯಿತು, ಫಾರ್ಮ್‌ನಲ್ಲಿರುವವರನ್ನು ಮಾತಾಡಿಸಬೇಡಿ. ಏನ್ರೀ ಅದು, ಜ್ವರವೇ, ಬಂದು ಬಿಟ್ಟು ಹೋಗುವುದಕ್ಕೆ? ಯಾರಾದರೂ ಥರ್ಮಾಮೀಟರ್ ಇಟ್ಟು ನೋಡಿದ್ದೀರಾ? ಹೀಗೆ ಕೇಳಿ ಕೇಳಿಯೇ ಎಷ್ಟೋ ಮನೆಗಳಲ್ಲಿ ನನ್ನನ್ನು ಎರಡನೆಯ ಸಲ ಊಟಕ್ಕೆ ಕರೆದಿಲ್ಲ.

ಈ ಸಿಟ್ಟು ಹಳೆಯದು. ತುಮಕೂರಿನ ನಮ್ಮ ಮನೆಯಲ್ಲಿ ಕ್ರಿಕೆಟ್ ನೋಡುವುದೆಂದರೆ ಪೂಜೆಗಿಂತ ಹೆಚ್ಚಿನ ಮಡಿ. ನಮ್ಮವರು ಚೆನ್ನಾಗಿ ಆಡುತ್ತಿದ್ದರೆ ಕೂತವರು ಏಳುವ ಹಾಗಿಲ್ಲ, ಕಾಲು ಮಡಿಸಿದವರು ಬಿಚ್ಚುವ ಹಾಗಿಲ್ಲ, ಬಚ್ಚಲಿಗೆ ಹೋಗಬೇಕಾದವರು ಹಲ್ಲು ಕಚ್ಚಿಕೊಂಡು ಓವರ್ ಮುಗಿಯುವ ತನಕ ಕಾಯಬೇಕು. ಒಂದು ದಿನ ನಾನು ಕೋಡುಬಳೆ ತಟ್ಟೆ ಹಿಡಿದು ಹಾಲ್‌ಗೆ ಬಂದೆ, ವಿಕೆಟ್ ಬಿತ್ತು. ಖಾಲಿ ತಟ್ಟೆ ಎತ್ತಲು ಬಂದೆ, ಇನ್ನೊಂದು ಬಿತ್ತು. ಅಲ್ಲಿಗೆ ನನ್ನ ಹಣೆಬರಹ ತೀರ್ಮಾನವಾಯಿತು.

"ಏ, ಇವಳು ಬಂದ್ರೆ ವಿಕೆಟ್ ಬೀಳತ್ತೆ ಕಣ್ರೋ, ಹೊರಗೆ ಕಳ್ಸಿ ಇವಳನ್ನ" ಎಂದರು ನನ್ನ ಸೋದರಮಾವ, ಟೀವಿಯಿಂದ ಕಣ್ಣು ತೆಗೆಯದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ ಅನ್ನಿಸುತ್ತದೆ. ಆದರೆ ಅದು ತಮಾಷೆಯಾಗಿ ಉಳಿಯಲಿಲ್ಲ. ಆಮೇಲೆ ಒಳ್ಳೆಯ ಮ್ಯಾಚ್ ಇದ್ದಾಗಲೆಲ್ಲ ನಾನು ಗೇಟಿನ ಹತ್ತಿರ ಕೂತು, ಒಳಗಿನ ಕೂಗಾಟದಿಂದ ಸ್ಕೋರ್ ಊಹಿಸಿಕೊಳ್ಳುತ್ತಿದ್ದೆ. ಮುಂದೆ ನಾನು ಸ್ಟ್ಯಾಟಿಸ್ಟಿಕ್ಸ್ ಓದಿದ್ದು ಸೋದರಮಾವನ ಮೇಲಿನ ಸೇಡಿಗೇ ಎಂದು ಹೇಳುತ್ತಿರುತ್ತೇನೆ. ಅದು ಪೂರ್ತಿ ಸುಳ್ಳಲ್ಲ.

ಸ್ಯಾನ್ ಡಿಯಾಗೊದಲ್ಲಿ ನನ್ನ ಕೆಲಸವೂ ಅದೇ. ಫೋನಿನೊಳಗಿನ ಚಿಪ್‌ಗಳನ್ನು ಪರೀಕ್ಷೆ ಮಾಡುವ ತಂಡ ನಮ್ಮದು. ಎಂಜಿನಿಯರುಗಳು ಕುಣಿದಾಡಿಕೊಂಡು ಬಂದು, ಹೊಸ ಚಿಪ್ ಸಿಗ್ನಲ್ ಎಷ್ಟು ಚೆನ್ನಾಗಿ ಹಿಡಿಯುತ್ತಿದೆ ನೋಡಿ ಎನ್ನುತ್ತಾರೆ. ಅದು ನಿಜವಾಗಿ ಸುಧಾರಿಸಿದೆಯೋ, ಅಥವಾ ಆ ನಾಲ್ಕು ದಿನ ಗಾಳಿ ಅವರ ಕಡೆ ಬೀಸಿತ್ತೋ ಎಂದು ಹೇಳಬೇಕಾದವಳು ನಾನು. ಹೆಚ್ಚು ಸಲ ಗಾಳಿಯದೇ ಕೆಲಸ. ಅದನ್ನು ಹೇಳಿದಾಗ ಅವರ ಮುಖ ಬಾಡುವುದನ್ನು ನೋಡಿ ನೋಡಿ ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಮಗಳ ಅಪ್ಪ ಮತ್ತು ನಾನು ಬೇರೆಯಾಗಿ ಬಹಳ ವರ್ಷವಾಯಿತು. ಅವರು ಟೆಕ್ಸಾಸ್‌ನಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡು ಚೆನ್ನಾಗಿದ್ದಾರೆ. ಹಾಗಾಗಿ 2020ರಲ್ಲಿ ಎಲ್ಲ ಬಾಗಿಲು ಹಾಕಿದಾಗ ನಮ್ಮ ಟೌನ್‌ಹೌಸ್‌ನಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಹೈಸ್ಕೂಲಿನ ನನ್ನ ಮಗಳು. ಅವಳಿಗೆ ಆಗಷ್ಟೇ ಐಸ್ ಹಾಕಿಯ ಹುಚ್ಚು ಹತ್ತಿತ್ತು. ಅದರಲ್ಲೂ ಗೋಲ್‌ಕೀಪರೇ ಆಗಬೇಕು. ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿಕೊಂಡು, ದೋಸೆಕಲ್ಲು ಹೊತ್ತಂತೆ ಮೈತುಂಬ ಪ್ಯಾಡ್ ಕಟ್ಟಿಕೊಂಡು, ಕಪ್ಪು ರಬ್ಬರ್ ಬಿಲ್ಲೆಯೊಂದು ಕವಣೆಕಲ್ಲಿನ ವೇಗದಲ್ಲಿ ಬರುತ್ತಿದ್ದರೆ ಪಕ್ಕಕ್ಕೆ ಸರಿಯುವುದು ಬಿಟ್ಟು ಅದಕ್ಕೆ ಅಡ್ಡ ನಿಲ್ಲುವ ಕೆಲಸ. ಭರತನಾಟ್ಯಕ್ಕೆ ಸೇರಿಸಿದ್ದೆ, ಬಿಟ್ಟಳು. ಪಿಯಾನೊ ಬಿಟ್ಟಳು. ಇದನ್ನು ಮಾತ್ರ ಬಿಡಲಿಲ್ಲ.

ಮಂಜುಗಡ್ಡೆಯ ಆಟದಂಗಳ, ಅಂದರೆ ರಿಂಕ್, ಮುಚ್ಚಿತ್ತು. ನಾವು ಕಾರು ಹೊರಗೆ ನಿಲ್ಲಿಸಿ ಗರಾಜಿನಲ್ಲಿ ಪೈಪುಗಳ ಗೋಲು ಕಟ್ಟಿದೆವು. ನಾನು ಟೆನಿಸ್ ಬಾಲ್ ಎಸೆಯುವುದು, ಅವಳು ತಡೆಯುವುದು. ದಿನಾ ಸಂಜೆ ಆಫೀಸಿನ ಮೀಟಿಂಗ್ ಮುಗಿದ ಕೂಡಲೇ ಶುರು. ತೋಳು ಬಿದ್ದುಹೋಗುವಷ್ಟು ಎಸೆದಿದ್ದೇನೆ. ಎಸೆಯುತ್ತಾ ಎಸೆಯುತ್ತಾ ಮಾತು. ನಾನು ಕನ್ನಡದಲ್ಲಿ, ಅವಳು ಇಂಗ್ಲಿಷಿನಲ್ಲಿ. ಊರೆಲ್ಲ ಆ ವರ್ಷವನ್ನು ಶಪಿಸುತ್ತಿದ್ದಾಗ, ಹೇಳಬಾರದು, ನಾನು ನನ್ನ ಜೀವನದಲ್ಲೇ ಅಷ್ಟು ಸುಖವಾಗಿದ್ದದ್ದು ಆಗಲೇ.

ಒಂದು ಸಂಜೆ ಅವಳು ಸಾಲಾಗಿ ತುಂಬ ಬಾಲ್ ತಡೆದಳು. "ಅಮ್ಮ, ಐ ಆಮ್ ಹಾಟ್ ಟುಡೇ" ಎಂದು ಬೀಗಿದಳು. ನನ್ನೊಳಗಿನ ಮೇಡಂ ಎಚ್ಚರವಾದಳು. ನಾಣ್ಯ ತಂದು ಗರಾಜಿನ ನೆಲದ ಮೇಲೆ ಚಿಮ್ಮಿ ಚಿಮ್ಮಿ ತೋರಿಸಿದೆ. "ನೋಡು ಪುಟ್ಟಿ, ತಲೆ, ತಲೆ, ತಲೆ, ಮತ್ತೆ ತಲೆ. ಈಗ ಈ ನಾಣ್ಯ ಫಾರ್ಮ್‌ನಲ್ಲಿದೆ ಅಂತೀಯಾ? ಸಾಧಾರಣ ಗೋಲ್‌ಕೀಪರ್ ಕೂಡ ಹತ್ತರಲ್ಲಿ ಒಂಬತ್ತು ಹೊಡೆತ ತಡೀತಾರೆ. ತಡೆದಿದ್ದೇ ಸಾಲಾಗಿ ಬರದೇ ಇದ್ರೆ ಆಶ್ಚರ್ಯ. ಎಲ್ಲ ಬರೀ ಲಕ್ಕು." ಅದೇ ಹುರುಪಿನಲ್ಲಿ ಕೋಡುಬಳೆ ತಟ್ಟೆಯ ಕಥೆಯನ್ನೂ ಹೇಳಿದೆ. ಜನ ಎಷ್ಟು ಪೆದ್ದರಿರುತ್ತಾರೆ ಎಂದು ಅವಳಿಗೆ ಅರ್ಥವಾಗಲಿ ಎಂದು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೆಲ್ಮೆಟ್ ಮೇಲೆತ್ತಿ ಕೇಳಿದಳು, "ಬಟ್ ಅಮ್ಮ, ವಿಕೆಟ್ ನಿಜವಾಗ್ಲೂ ಬಿತ್ತಾ?"

"ಬಿತ್ತು. ಆದ್ರೆ ಅದಕ್ಕೂ ನಂಗೂ..."

ಅವಳು ಕೇಳಿಸಿಕೊಂಡದ್ದು ಆ 'ಬಿತ್ತು' ಒಂದನ್ನೇ ಎಂದು ನನಗೆ ಗೊತ್ತಾಗಲು ಮೂರು ವರ್ಷ ಬೇಕಾಯಿತು.

ಅವಳು ಓದಲು, ಕಾರಿನಲ್ಲಿ ಮೂರು ಗಂಟೆ ದೂರದ ನಾರ್ತ್‌ರಿಜ್‌ಗೆ ಹೋದಳು. ಮೂವರು ಹುಡುಗಿಯರ ಜೊತೆ ಒಂದು ಅಪಾರ್ಟ್‌ಮೆಂಟ್, ಓಡಾಡಲು ಬಸ್ಸು, ವಾರಾಂತ್ಯಕ್ಕೆ ಹುಡುಗಿಯರ ಹಾಕಿ ಕ್ಲಬ್. ಮನೆಯಲ್ಲಿ ಮಾತು ನಿಂತಿತು. ಆಫೀಸು ಕೂಡ ಮನೆಯಿಂದಲೇ ಆಗಿದ್ದರಿಂದ, ಮೀಟಿಂಗಿನ ಇಂಗ್ಲಿಷ್ ಬಿಟ್ಟರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಕುಕ್ಕರ್ ಕೂಗಿದರೆ "ಬಂದೆ, ಬಂದೆ" ಎನ್ನುತ್ತಿದ್ದೆ. ಹಾಗೆ ಅಂದದ್ದು ಒಂದು ದಿನ ಮೀಟಿಂಗಿನಲ್ಲಿ ಎಲ್ಲರಿಗೂ ಕೇಳಿಸಿ, ನಿಮ್ಮ ಮನೆಗೆ ಯಾರೋ ಬಂದಿದ್ದಾರೆ, ಹೋಗಿ ನೋಡಿ ಎಂದರು. ಹೂಂ ಎಂದು ಕ್ಯಾಮೆರಾ ಆಫ್ ಮಾಡಿ ಸುಮ್ಮನೆ ಕೂತೆ.

ಶನಿವಾರ ಮಾತ್ರ ನಾನು ಮನುಷ್ಯರ ಸಾಲಿಗೆ ಸೇರುತ್ತಿದ್ದೆ. ಬೆಳಿಗ್ಗೆ ಎದ್ದು ಪುಳಿಯೋಗರೆ ಕಲಸಿ, ಮೊಸರನ್ನದ ಡಬ್ಬಿ ಐಸ್ ಪ್ಯಾಕ್ ಪಕ್ಕ ಇಟ್ಟು, ಫ್ರೀವೇ ಹಿಡಿದು ಡ್ರೈವ್ ಮಾಡಿಕೊಂಡು ಹೋಗುವುದು. ರಿಂಕಿನ ಒಳಗಿನ ಚಳಿಗೆ ಶಾಲು ಹೊದ್ದು ಮೇಲಿನ ಬೆಂಚಿನಲ್ಲಿ ಕೂರುವುದು. ನಿಜ ಹೇಳಬೇಕೆಂದರೆ ಆಟ ಒಂದು ನೆಪ. ಆಟ ಮುಗಿದ ಮೇಲೆ ಅವಳು ಒದ್ದೆ ತಲೆಯಲ್ಲಿ ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತು, ಡಬ್ಬಿ ತೊಡೆಯ ಮೇಲಿಟ್ಟುಕೊಂಡು ತಿನ್ನುತ್ತಾ ವಾರದ ಕಥೆಯೆಲ್ಲ ಹೇಳುವ ಒಂದು ಗಂಟೆ ಇತ್ತಲ್ಲ, ನನಗೆ ಬೇಕಾಗಿದ್ದದ್ದು ಅದು. ಆ ಒಂದು ಗಂಟೆಯಿಂದ ನಾನು ಮುಂದಿನ ಶನಿವಾರದವರೆಗೆ ಬದುಕುತ್ತಿದ್ದೆ.

ಮೊದಮೊದಲು ಅವಳು ಚೆನ್ನಾಗಿ ಆಡಲಿಲ್ಲ. ತಂಡದ ಮುಖ್ಯ ಗೋಲ್‌ಕೀಪರ್ ಒಬ್ಬ ಸೀನಿಯರ್ ಹುಡುಗಿ. ಅವಳು ಮೊಣಕಾಲು ನೋವಾಗಿ ಕೂತದ್ದರಿಂದ ಇವಳಿಗೆ ಅವಕಾಶ ಸಿಕ್ಕಿತ್ತು. ನಾನು ನೋಡಲು ಹೋದ ಆಟಗಳಲ್ಲೆಲ್ಲ ಗೋಲಿನ ಮೇಲೆ ಗೋಲು ಬಿಟ್ಟಳು. ಡಬ್ಬಿ ತೆರೆದು ತಿನ್ನುವಾಗ ಮಾತು ಕಡಿಮೆಯಾಗತೊಡಗಿತು.

ಹೀಗಿರುವಾಗ ಒಂದು ಶನಿವಾರ ಫ್ರೀವೇಯಲ್ಲಿ ಲಾರಿಯೊಂದಕ್ಕೆ ಬೆಂಕಿ ಹತ್ತಿ, ಎಲ್ಲ ಕಾರುಗಳ ಜೊತೆ ನಾನೂ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡೆ. ಆಟ ತಪ್ಪಿತು. ಅವಳು ಆವತ್ತು ಒಂದೂ ಗೋಲು ಬಿಡಲಿಲ್ಲ. ಮುಂದಿನ ವಾರ ಆಫೀಸಿನ ಕೆಲಸ ಬಂದು ಹೋಗಲಾಗಲಿಲ್ಲ. ಆವತ್ತೂ ಒಂದೂ ಇಲ್ಲ. ಫೋನಿನಲ್ಲಿ ಅವಳ ಕುಣಿತ ಕೇಳಿ ನಾನೂ ಅಡಿಗೆಮನೆಯಲ್ಲಿ ನಿಂತಲ್ಲೇ ಕುಣಿದೆ. ಕುಣಿತ ನಿಂತ ಮೇಲೆ ಅವಳ ದನಿ ಇಳಿಯಿತು.

"ಅಮ್ಮ, ಸ್ವಲ್ಪ ದಿನ ಬರ್ಬೇಡ."

ಕನ್ನಡದಲ್ಲಿ ಹೇಳಿದಳು. ಕೇಳಲು ನಾಚಿಕೆಯಾಗುವ ವಿಷಯ ಬಂದರೆ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುತ್ತದೆ.

"ಯಾಕೆ?"

"ನೀನು ಬಂದಾಗೆಲ್ಲ ಗೋಲ್ ಆಗತ್ತೆ. ಬರ್ದೇ ಇದ್ರೆ ಆಗಲ್ಲ."

ಸೋದರಮಾವನೇ ಸಮುದ್ರ ದಾಟಿ ಬಂದು ಮಾತಾಡಿದಂತಾಯಿತು. ಎರಡು ಆಟದಿಂದ ಏನೂ ತಿಳಿಯುವುದಿಲ್ಲ, ಎದುರಿನ ತಂಡಗಳು ಸಪ್ಪೆ ಇದ್ದಿರಬೇಕು, ನಿನ್ನ ಮುಂದೆ ನಿಲ್ಲುವ ಹುಡುಗಿಯರು ಆವತ್ತು ಚೆನ್ನಾಗಿ ಅಡ್ಡಗಟ್ಟಿರಬೇಕು ಎಂದು ಉಸಿರು ಬಿಡದೆ ಪಾಠ ಮಾಡಿದೆ. ಪೂರ್ತಿ ಕೇಳಿಸಿಕೊಂಡಳು.

"ಗೊತ್ತಮ್ಮ. ಆದ್ರೂ."

ಈ ಆಟದ ಗೋಲ್‌ಕೀಪರುಗಳ ಕಥೆಯೇ ಹಾಗಂತೆ. ಚೆನ್ನಾಗಿ ಆಡುತ್ತಿರುವಾಗ ಸಾಕ್ಸ್ ಒಗೆಯುವುದಿಲ್ಲ, ಎಡಗಾಲಿನ ಪ್ಯಾಡ್ ಮೊದಲು ಕಟ್ಟಬೇಕು, ಆಟಕ್ಕೆ ಮುಂಚೆ ತಂಡದವರು ಅವರನ್ನು ಮಾತಾಡಿಸುವ ಹಾಗಿಲ್ಲ, ಒಂದೂ ಗೋಲು ಬಿಟ್ಟಿಲ್ಲ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಬಾರದು. ನಮ್ಮ ತುಮಕೂರಿನ ಹಾಲ್‌ಗಿಂತ ಕಡಿಮೆಯೇನಿಲ್ಲ. ಅಂತೂ ಒಗೆಯದ ಸಾಕ್ಸು ಒಳಗೆ, ಹೆತ್ತ ತಾಯಿ ಹೊರಗೆ. ಏನು ಕರ್ಮವೋ!

ಆಯಿತಮ್ಮ ಎಂದೆ. ಇನ್ನೇನು ಹೇಳಲಿ? ಶನಿವಾರ ಬಂತು. ಮನೆ ಗುಡಿಸಿದೆ, ಗುಡಿಸಿದ್ದನ್ನೇ ಗುಡಿಸಿದೆ. ಅಭ್ಯಾಸದ ಮೇಲೆ ಪುಳಿಯೋಗರೆ ಕಲಸಿಯೂ ಆಗಿತ್ತು. ತಡೆಯಲಾಗಲಿಲ್ಲ. ಕಾರು ಹತ್ತಿದೆ. ಒಳಗೆ ಹೋಗುವುದಿಲ್ಲ, ಹೊರಗೆ ಇದ್ದು ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ರಿಂಕ್ ಹೊರಗಿನಿಂದ ನೋಡಿದರೆ ಗೋಡೌನ್ ಥರ. ಪಾರ್ಕಿಂಗ್ ಲಾಟ್‌ನಲ್ಲಿ ಕೊನೆಯ ಸಾಲಿನಲ್ಲಿ, ವ್ಯಾನೊಂದರ ಹಿಂದೆ ಕಾರು ನಿಲ್ಲಿಸಿದೆ. ಹೊರಗೆ ಆ ಕಣಿವೆಯ ಊರಿನ ಬಿಸಿಲು ಬೆಂಕಿ ಸುರಿಯುತ್ತಿತ್ತು. ಯಾರಾದರೂ ಬಾಗಿಲು ತೆರೆದರೆ ಒಳಗಿನ ಗಲಾಟೆಯ ಒಂದು ತುಂಡು ಹೊರಗೆ ಬಂದು ಬಾಗಿಲ ಜೊತೆಯೇ ಮುಚ್ಚಿಹೋಗುತ್ತಿತ್ತು. ಗೋಲಾದರೆ ಒಳಗೊಂದು ಹಾರ್ನ್ ಹೊಡೆಯುತ್ತದೆ, ಅದು ಹೊರಗೂ ಕೇಳುತ್ತದೆ. ಆದರೆ ಗೋಲು ಹೊಡೆದದ್ದು ಯಾರು, ತಿಂದದ್ದು ಯಾರು ಗೊತ್ತಾಗುವುದಿಲ್ಲ. ಹಾರ್ನ್ ಹೊಡೆದಾಗಲೆಲ್ಲ, ತಿಂದವಳು ನನ್ನ ಮಗಳಾಗದಿರಲಿ ಎನ್ನುತ್ತಿದ್ದೆ. ಅದರ ಜೊತೆಗೇ, ಹಾಳಾಗಿಹೋಗಲಿ, ಒಂದು ಗೋಲು ಬಿಟ್ಟುಬಿಡಲಿ, ಈ ಫಾರ್ಮ್ ಸಾಯಲಿ, ಮುಂದಿನ ವಾರ ನಾನು ಒಳಗೆ ಕೂರುವಂತಾಗಲಿ ಎಂದೂ ಅನ್ನಿಸುತ್ತಿತ್ತು. ಎರಡೂ ಒಟ್ಟಿಗೇ ಅನ್ನಿಸುತ್ತಿತ್ತು. ತಾಯಿಯಾದವಳಿಗೆ ಹೀಗೆಲ್ಲ ಅನ್ನಿಸಬಹುದೇ ಎಂದು ಕೇಳಿದರೆ, ಅನ್ನಿಸಿತು, ಅಷ್ಟೇ.

ಆಟ ಮುಗಿದು ಹುಡುಗಿಯರು ಚೀಲ ಎಳೆದುಕೊಂಡು ಹೊರಬಂದರು. ನಾನು ಸೀಟಿನಲ್ಲಿ ಜಾರಿ ಕೂತೆ. ಅವಳು ಒದ್ದೆ ತಲೆಯಲ್ಲಿ, ಯಾರದೋ ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಾ ಹೋದಳು. ಎಲ್ಲರೂ ಒಂದೇ ಕಾರಿನಲ್ಲಿ ತುಂಬಿಕೊಂಡು ಎಲ್ಲೋ ತಿನ್ನಲು ಹೊರಟರು. ಸ್ವಲ್ಪ ಹೊತ್ತಿಗೆ ನನ್ನ ಫೋನ್ ಮಿಣುಕಿತು, "ಗೆದ್ವಿ ಅಮ್ಮ! ಝೀರೋ!" ನಾನು ಹೃದಯದ ಚಿತ್ರವೊಂದನ್ನು ಕಳಿಸಿ ಸ್ಯಾನ್ ಡಿಯಾಗೊಗೆ ಕಾರು ತಿರುಗಿಸಿದೆ. ಡಬ್ಬಿ ಹಿಂದಿನ ಸೀಟಿನಲ್ಲೇ ಇತ್ತು.

ಹೀಗೆ ಶನಿವಾರಗಳು ಕಳೆದವು. ಅವಳ ಫಾರ್ಮ್ ಮುಗಿಯಲೊಲ್ಲದು. ಒಂದೂ ಬಿಡದ ಆಟಗಳ ನಡುವೆ ಎಲ್ಲೋ ಒಂದೊಂದು ಗೋಲು ಬಿಟ್ಟಿರಬಹುದು, ಆದರೆ ತಂಡ ಸೋಲಲಿಲ್ಲ. ಅವಳು ಫೋನ್ ಮಾಡುವುದೂ ಕಡಿಮೆಯಾಯಿತು. ಮೊದಲ ಎರಡು ಗೆಲುವಿನ ವಾರಗಳಲ್ಲಿ ನಾವು ಹೆಚ್ಚು ಮಾತಾಡಿರಲಿಲ್ಲವಲ್ಲ, ಅದನ್ನೂ ಕೆಡಿಸಬಾರದೆಂದು ಅವಳ ಲೆಕ್ಕ. ನಾನು ಪಾರ್ಕಿಂಗ್ ಲಾಟ್‌ಗೆ ಹೋಗಿ ಕೂತು ಬರುತ್ತಿದ್ದೆ. ಅದು ಒಬ್ಬರಿಗೂ ಗೊತ್ತಿರಲಿಲ್ಲ.

ಒಂದು ಸಲ ವಾಪಸ್ ಬರುವಾಗ ಮನೆಗೆ ಹೋಗಲು ಮನಸ್ಸಾಗದೆ ಸುತ್ತು ಹಾಕಿಕೊಂಡು, ದಾರಿಯಿಂದ ಆಚೆಗಿರುವ ಊರಾದ ವಾಲ್‌ನಟ್‌ಗೆ ಹೋದೆ. ಅಲ್ಲಿ ನನ್ನ ಕಾಲೇಜಿನ ಗೆಳತಿ ಇದ್ದಾಳೆ. ನನ್ನನ್ನು ಎರಡನೆಯ ಸಲವೂ ಊಟಕ್ಕೆ ಕರೆಯುವವಳು ಅವಳೊಬ್ಬಳೇ. ಅವಳು ದೋಸೆ ಹುಯ್ಯುತ್ತಿದ್ದಳು. ಆಟ ಹೇಗಿತ್ತೇ ಎಂದು ಕೇಳಿದಳು. ಚೆನ್ನಾಗಿತ್ತು ಎನ್ನಲು ಹೋದೆ, ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ.

"ಅಯ್ಯೋ ಪೆದ್ದಿ! ಅಷ್ಟು ದೂರ ಹೋಗಿ ಕಾರಲ್ಲಿ ಕೂತು ಬರ್ತೀಯಾ?" ಎಂದು ಬೈದಳು. ಆಮೇಲೆ ಸೌಟು ತೋರಿಸಿ, "ಆದ್ರೂ ಒಂದು ಮಾತು ಹೇಳ್ತೀನಿ ಕಣೇ. ಫಾರ್ಮ್ ಅನ್ನೋದು ಇದೆ. ಮೊದಲೆರಡು ದೋಸೆ ಕಚ್ಕೊಳತ್ತೆ. ಕಾವಲಿ ಕಾದ ಮೇಲೆ ನೋಡು, ಎಷ್ಟು ಹುಯ್ದ್ರೂ ಹಾಗೇ ಏಳತ್ತೆ. ಅದೇ ಅಲ್ವಾ ಫಾರ್ಮು?"

"ಕಾವಲಿ ಕಾದಿದ್ಯೋ ಇಲ್ವೋ ಅಂತ ನೀರು ಚಿಮುಕಿಸಿ ನೋಡ್ಬಹುದು. ಹುಡುಗಿ ಕಾದಿದ್ದಾಳೆ ಅಂತ ಹೇಗೆ ಹೇಳ್ತೀಯಾ? ದೋಸೆ ಎದ್ದಿದ್ದನ್ನ ನೋಡಿ, ಆಮೇಲೆ ಕಾವಲಿ ಕಾದಿತ್ತು ಅಂದ್ರೆ ಆಯ್ತಾ?"

"ನಿನ್ನ ಜೊತೆ ವಾದ ಮಾಡೋಕೆ ನಂಗೆ ಶಕ್ತಿ ಇಲ್ಲಪ್ಪ. ಹೋಗಿ ನೀನೇ ನೋಡು. ಟೋಪಿ ಹಾಕ್ಕೊಂಡು, ಮಾಸ್ಕ್ ಹಾಕ್ಕೊಂಡು ಮೂಲೇಲಿ ನಿಂತ್ಕೋ. ಯಾರಿಗೆ ಗೊತ್ತಾಗತ್ತೆ?"

ಮುಂದಿನ ಶನಿವಾರ ಹಾಗೆಯೇ ಮಾಡಿದೆ. ಗೆಳತಿಯ ಗಂಡನ ದೊಗಲೆ ಸ್ವೆಟ್‌ಶರ್ಟ್, ಅದರ ಟೋಪಿ ಹಣೆಯವರೆಗೆ, ಮುಖಕ್ಕೆ ಮಾಸ್ಕ್. ಸ್ಕೇಟ್ ಬಾಡಿಗೆಗೆ ಕೊಡುವ ಕೌಂಟರಿನ ಪಕ್ಕ ಒಂದು ಕಂಬವಿದೆ, ಅದರ ಹಿಂದೆ ನಿಂತೆ. ಕಳ್ಳತನಕ್ಕೆ ಬಂದವಳಂತೆ ಅತ್ತ ಇತ್ತ ನೋಡಿ ತಲೆ ಹೊರಗೆ ಹಾಕಿದೆ.

ಅವಳನ್ನು ನೋಡಿದೆ. ಎಷ್ಟೋ ವಾರದ ಮೇಲೆ. ಮೊದಲು ನಾನು ನೋಡುತ್ತಿದ್ದಾಗ ಗೋಲಿನೊಳಗೆ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದವಳು ಈಗ ಅಲುಗುತ್ತಲೇ ಇರಲಿಲ್ಲ. ಬಿಲ್ಲೆ ಹೊರಟಾಗ ಅವಳು ಅದರ ಕಡೆ ಹೋಗುತ್ತಿರಲಿಲ್ಲ, ಅದು ಬರುವ ಜಾಗದಲ್ಲಿ ಆಗಲೇ ಇರುತ್ತಿದ್ದಳು. ಒಂದು ಸಲ ಮೂರು ಜನ ಒಟ್ಟಿಗೆ ಮೇಲೆ ಬಿದ್ದರು, ನಾನು ಕಣ್ಣು ಮುಚ್ಚಿಕೊಂಡೆ, ತೆರೆದು ನೋಡಿದರೆ ಬಿಲ್ಲೆ ಅವಳ ಕೈಗವಸಿನಲ್ಲಿತ್ತು. ಪಕ್ಕದಲ್ಲಿ ನಿಂತಿದ್ದ ಯಾರೋ ತಂದೆ "ವಾವ್" ಎಂದರು. ಅವಳು ನನ್ನ ಮಗಳು ಕಣ್ರೀ ಎಂದು ಬಾಯಿಗೆ ಬಂದದ್ದನ್ನು ಮಾಸ್ಕಿನೊಳಗೇ ನುಂಗಿದೆ.

ಆಟ ಮುಗಿಯಿತು. ಒಂದೂ ಗೋಲಿಲ್ಲ. ನಾನು ಒಳಗೇ ಇದ್ದೆ, ಶುರುವಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದ್ದೆ, ಆದರೂ ಒಂದೂ ಇಲ್ಲ! ಓಡಿಹೋಗಿ ಅವಳನ್ನು ತಬ್ಬಿಕೊಂಡು, ನೋಡೇ, ನಾನು ಇಲ್ಲೇ ಇದ್ದೆ, ಏನೂ ಆಗಲಿಲ್ಲ ನೋಡು ಎಂದು ಕೂಗಬೇಕು ಎನ್ನಿಸಿತು. ಎರಡು ಹೆಜ್ಜೆ ಹಾಕಿಯೂ ಹಾಕಿದೆ. ಆಗ ಹೊಳೆಯಿತು. ಹೇಳಿದ ದಿನದಿಂದ, ಅವಳು ಬಿಡುವ ಪ್ರತಿಯೊಂದು ಗೋಲೂ ನನ್ನ ತಲೆಯ ಮೇಲೆ. ಬೇಡ ಅಂದಿದ್ದರೂ ಬಂದವಳು ಎಂಬ ಮಾತು ಬೇರೆ. ಕಾರಿಗೆ ಹೋಗಿ ಕೂತು ಸ್ಟಿಯರಿಂಗ್ ಹಿಡಿದು ಅತ್ತೆ. ಖುಷಿಗೋ, ಹೊಟ್ಟೆಕಿಚ್ಚಿಗೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಡ್ರೈವ್ ಮಾಡುತ್ತಾ ದಾರಿಯುದ್ದಕ್ಕೂ ನನ್ನ ಜೊತೆ ನಾನೇ ಜಗಳವಾಡಿದೆ. ಈ ಫಾರ್ಮ್ ಎನ್ನುವುದು ಇದೆಯೋ ಇಲ್ಲವೋ? ನಾನು ಕಣ್ಣಾರೆ ನೋಡಿದ ಆ ನಿಶ್ಚಲತೆ ಸುಳ್ಳೇ? ಆದರೆ ಗೆಲ್ಲುತ್ತಿರುವವಳನ್ನು ನೋಡುವ ಕಣ್ಣಿಗೆ ನಿಶ್ಚಲತೆ ಕಾಣುತ್ತದೆ, ಸೋಲುತ್ತಿರುವವಳು ಹಾಗೆಯೇ ನಿಂತಿದ್ದರೆ ಮರಗಟ್ಟಿದ್ದಾಳೆ ಎನ್ನುತ್ತೇವೆ. ಬೆರಳೆಣಿಕೆಯ ಆಟಗಳಿಂದ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಆಫೀಸಿನಲ್ಲಾಗಿದ್ದರೆ, ಇನ್ನೂ ಡೇಟಾ ಬೇಕು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಹದಿನೆಂಟು ಹತ್ತೊಂಬತ್ತರ ಹುಡುಗಿಗೆ ಆ ಉತ್ತರ ಯಾವ ಪ್ರಯೋಜನಕ್ಕೆ? ಅವಳು ಮುಂದಿನ ಶನಿವಾರ ಮತ್ತೆ ಹೋಗಿ ಒಬ್ಬಳೇ ಗೋಲಿನಲ್ಲಿ ನಿಲ್ಲಬೇಕು.

ಸೀಸನ್ ಕೊನೆಗೆ ಬಂತು. ಆ ಸೀನಿಯರ್ ಹುಡುಗಿಯ ಮೊಣಕಾಲು ವಾಸಿಯಾಗಿತ್ತು. ಕೊನೆಯ ಸುತ್ತಿನಲ್ಲಿ ಯಾರನ್ನು ನಿಲ್ಲಿಸುವುದೆಂದು ಕೋಚ್ ಯೋಚಿಸುತ್ತಿದ್ದಾರೆ ಎಂದು ಮಗಳು ಮೆಸೇಜ್ ಮಾಡಿದ್ದಳು. ಅದಕ್ಕೆ ಮುಂಚಿನ ಶನಿವಾರ ಒಂದು ದೊಡ್ಡ ಆಟ. ನನಗೆ ಶುಕ್ರವಾರವೇ ಚಳಿ ಜ್ವರ ಶುರುವಾಯಿತು. ಎದ್ದು ನಿಂತರೆ ಗೋಡೆ ತಿರುಗುತ್ತಿತ್ತು. ಪಾರ್ಕಿಂಗ್ ಲಾಟ್‌ಗೂ ಹೋಗಲಾಗಲಿಲ್ಲ. ಎಷ್ಟೋ ವಾರಗಳಲ್ಲಿ ಮೊದಲ ಸಲ ನಾನು ನಿಜವಾಗಿಯೂ ಅವಳ ಮಾತಿನಂತೆ ಮನೆಯಲ್ಲೇ ಇದ್ದೆ. ಕಷಾಯ ಕುಡಿದು ಎರಡು ಹೊದಿಕೆ ಹೊದ್ದು ಮಲಗಿದ್ದೆ. ಸಂಜೆ ಮೆಸೇಜ್ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಫೋನ್ ಬಂತು.

"ಐದು ಅಮ್ಮ. ಐದು ಗೋಲ್ ಬಿಟ್ಟೆ."

ಅಳುತ್ತಿದ್ದಳು. ನಾನು ಎದ್ದು ಕೂತೆ. "ಅಳ್ಬೇಡ ಕಂದ. ಒಂದು ಆಟ ತಾನೇ?"

"ಎಲ್ಲ ಹೋಯ್ತು ಅಮ್ಮ. ನೀನೇ ಕರೆಕ್ಟು. ನೀನ್ ಹೇಳ್ತಿದ್ದೆ ಅಲ್ವಾ, ಎಲ್ಲ ಬರೀ ಲಕ್ಕು ಅಂತ. ಐ ವಾಸ್ ಜಸ್ಟ್ ಲಕ್ಕಿ. ಐ ಆಮ್ ನಾಟ್ ಎನಿ ಗುಡ್. ನಾಳೆ ಕೋಚ್‌ಗೆ ಹೇಳ್ಬಿಡ್ತೀನಿ, ನಾನು ನಿಲ್ಲಲ್ಲ, ಅವಳನ್ನೇ ಹಾಕಿ ಅಂತ."

ನನ್ನ ಮಾತು ಅವಳ ಬಾಯಲ್ಲಿ ಹೀಗೆ ವಾಪಸ್ ಬರುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಜನರ ಪೆದ್ದತನ ತೋರಿಸಲು ನಾಣ್ಯ ಚಿಮ್ಮಿದ್ದೆ. ಅವಳು ತನ್ನನ್ನೇ ಆ ನಾಣ್ಯ ಅಂದುಕೊಂಡುಬಿಟ್ಟಿದ್ದಳು. ಹಾಗಲ್ಲ ಪುಟ್ಟಿ, ಲಕ್ಕು ಅಂದರೆ ನಿನಗೆ ಆಟ ಬರುವುದಿಲ್ಲ ಅಂತಲ್ಲ, ಸ್ಟ್ಯಾಟಿಸ್ಟಿಕ್ಸ್ ಹೇಳುವುದೇ ಬೇರೆ ಎಂದು ಶುರು ಮಾಡಿದೆ. ನನ್ನ ಕಿವಿಗೇ ಅದು ಆಫೀಸಿನ ಮೀಟಿಂಗ್‌ನಂತೆ ಕೇಳಿತು. ಅವಳು ಬಿಕ್ಕುತ್ತಲೇ ಇದ್ದಳು. ನಾನು ನಿಲ್ಲಿಸಿದೆ.

ಆಮೇಲೆ ಅವಳು ಮೂಗು ಒರೆಸಿಕೊಂಡು, ಕನ್ನಡದಲ್ಲಿ ಕೇಳಿದಳು.

"ಅಮ್ಮ, ನಿಜ ಹೇಳು. ನಿನ್ನೆ ನೀನು ಬಂದಿದ್ಯಾ? ನಿನ್ನ ಕಾರ್ ಥರದ್ದು ಹೊರಗೆ ಇತ್ತಂತೆ. ನನ್ನ ಫ್ರೆಂಡ್ ನೋಡಿದ್ಳು."

ನನ್ನ ಕಾರಿನಂಥ ಬಿಳಿ ಕಾರು ಕ್ಯಾಲಿಫೋರ್ನಿಯಾದ ಪ್ರತಿ ಬೀದಿಯಲ್ಲೂ ಇದೆ. ಆದರೆ ಅವಳ ದನಿಯಲ್ಲಿ ದೂರು ಇರಲಿಲ್ಲ, ಆಸೆ ಇತ್ತು. ನಾನು ಹೂಂ ಅನ್ನಲಿ ಎಂದು ಅವಳು ಉಸಿರು ಹಿಡಿದು ಕಾಯುತ್ತಿದ್ದಳು.

ಇಲ್ಲ ಎಂದಿದ್ದರೆ ಅದು ಸತ್ಯ. ಅದರ ಜೊತೆಗೆ ಇನ್ನೊಂದು ಸತ್ಯವನ್ನೂ ಹೇಳಬಹುದಿತ್ತು. ನೀನು ಒಂದೂ ಬಿಡದ ಆ ದಿನ ನಾನು ಕಂಬದ ಹಿಂದೆ ನಿಂತಿದ್ದೆ, ಐದು ಬಿಟ್ಟ ದಿನ ಹಾಸಿಗೆಯಲ್ಲಿದ್ದೆ, ನನಗೂ ನಿನ್ನ ಗೋಲಿಗೂ ಯಾವ ಸಂಬಂಧವೂ ಇಲ್ಲ. ಇದಕ್ಕಿಂತ ಒಳ್ಳೆಯ ಪುರಾವೆ ಎಲ್ಲಿ ಸಿಗುತ್ತದೆ? ಹೇಳಿದ್ದರೆ ಮುಂದಿನ ಶನಿವಾರದಿಂದ ಡಬ್ಬಿ ಹಿಡಿದು ರಾಜಾರೋಷವಾಗಿ ಒಳಗೆ ಹೋಗಿ ಕೂರಬಹುದಿತ್ತು. ಅಷ್ಟು ತಿಂಗಳಿಂದ ನಾನು ಬಯಸಿದ್ದೂ ಅದನ್ನೇ. ಆದರೆ ಆಮೇಲೆ ಅವಳ ಕೈಯಲ್ಲಿ ಏನು ಉಳಿಯುತ್ತಿತ್ತು? ಬರೀ ಐದು ಗೋಲು, ಐದೂ ಅವಳವೇ. ನಾಳೆ ಕೋಚ್ ಹತ್ತಿರ ಹೋಗಿ ನಾನು ನಿಲ್ಲಲ್ಲ ಎನ್ನುತ್ತಿದ್ದಳು.

"ಹೂಂ ಪುಟ್ಟಿ, ಬಂದಿದ್ದೆ" ಎಂದೆ. "ತಡ್ಕೊಳಕ್ಕೆ ಆಗ್ಲಿಲ್ಲ. ತಪ್ಪಾಯ್ತು."

ಆ ಕಡೆ ಒಂದು ದೊಡ್ಡ ಉಸಿರು ಕೇಳಿಸಿತು. "ಐ ನ್ಯೂ ಇಟ್!" ಎಂದು ಕೂಗಿದಳು. ಆಮೇಲೆ ಶುರುವಾಯಿತು ನೋಡಿ ಬೈಗುಳ, ಇಂಗ್ಲಿಷಿನಲ್ಲಿ, ಉಸಿರು ಬಿಡದೆ. ಎಲ್ಲಿ ನಿಂತಿದ್ದೆ ಎಂದಳು. ಕಂಬದ ಹಿಂದೆ ಎಂದೆ. ಅದಕ್ಕೇ ಎರಡನೆಯ ಗೋಲು ಆ ಕಡೆಯಿಂದ ಬಂತು, ನನಗೆ ಆಗಲೇ ಏನೋ ಅನ್ನಿಸಿತ್ತು ಎಂದಳು. ಮೂರನೆಯದು ಹೇಗಾಯಿತು, ನಾಲ್ಕನೆಯದರಲ್ಲಿ ಕಾಲು ಯಾಕೆ ಜಾರಿತು, ಒಂದೊಂದನ್ನೂ ವಿವರಿಸಿದಳು. ಹೌದು ನೋಡಿದೆ, ಹೌದು ಕಂದ, ಹಾಗೇ ಆಯಿತು ಎನ್ನುತ್ತಾ ಹೋದೆ. ಮಧ್ಯದಲ್ಲಿ ಒಂದು ಸಲ ನಕ್ಕಳು ಕೂಡ. ಎಷ್ಟೋ ತಿಂಗಳ ಮೇಲೆ ಅವಳು ನನ್ನ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಆವತ್ತೇ.

"ಇನ್ಮೇಲೆ ಬರ್ಬೇಡ ಅಮ್ಮ. ನಿಜವಾಗ್ಲೂ. ನಾನು ಆಡೋದು ನಿಲ್ಸೋವರ್ಗೂ. ಪ್ರಾಮಿಸ್?"

"ಪ್ರಾಮಿಸ್."

ಮರುದಿನ ಪ್ರಾಕ್ಟಿಸ್‌ನಲ್ಲಿ ಕೋಚ್ ಹತ್ತಿರ, ನಾನೇ ನಿಲ್ಲುತ್ತೇನೆ ಎಂದಳಂತೆ. ಕೊನೆಯ ಸುತ್ತಿನಲ್ಲಿ ಅವಳೇ ನಿಂತಳು. ಕ್ಲಬ್ ಆಟವನ್ನು ಯಾರೂ ಟೀವಿಯಲ್ಲಿ ತೋರಿಸುವುದಿಲ್ಲ. ನಾನು ಪಾರ್ಕಿಂಗ್ ಲಾಟ್‌ಗೂ ಹೋಗುವುದನ್ನು ಬಿಟ್ಟೆ. ಮಾತು ಕೊಟ್ಟಾಗಿದೆ. ಈಗ ಶನಿವಾರ ಮಧ್ಯಾಹ್ನ ಮನೆಯಲ್ಲಿ ಬಟ್ಟೆ ಮಡಿಸುತ್ತಾ ಇರುತ್ತೇನೆ. ರಜೆಗೆ ಬಂದಾಗ ಅವಳು ನನ್ನ ಕೆನ್ನೆ ಹಿಂಡಿ, ಯೂ ಆರ್ ಮೈ ಬ್ಯಾಡ್ ಲಕ್ ಅಮ್ಮ ಎಂದು ನಗುತ್ತಾಳೆ. ನಾನೂ ನಗುತ್ತೇನೆ.

ಇದು ಕಾಲೇಜಿನಲ್ಲಿ ಅವಳ ಕೊನೆಯ ಸೀಸನ್. ತುಂಬ ಚೆನ್ನಾಗಿ ಆಡುತ್ತಿದ್ದಾಳಂತೆ.